ನೇರಳೆ ಪೆನ್ಸಿಲಿನ ಬಾಯಾರು

ಅವರ ಕೆಳದುಟಿಯ ನಡುವೆ ಜೋಳದ ಕಾಳಿನಷ್ಟು ಒಂದು ನೇರಳೆ ಕಲೆ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ಒದ್ದೆ ಮಾಡಿದರೆ ನೇರಳೆ ಬಣ್ಣ ಬಿಡುವ ಒಂದು ಬಗೆಯ ಪೆನ್ಸಿಲ್ ಆಗ ಸಿಗುತ್ತಿತ್ತು. ಅವರು ಬರೆಯುತ್ತಿದ್ದುದು ಅದರಲ್ಲೇ. ಬರೆಯುವ ಮೊದಲು ತುದಿಯನ್ನು ನಾಲಿಗೆಗೆ ತಾಗಿಸುವರು, ತಾಗಿಸುವಾಗ ತುಟಿಗೂ ಹತ್ತುವುದು. ಬೆಳಿಗ್ಗೆ ತೊಳೆದುಕೊಂಡು ಬಂದ ಬಾಯಿ ಮಧ್ಯಾಹ್ನದ ಹೊತ್ತಿಗೆ ನೇರಳೆ ಹಣ್ಣು ತಿಂದ ಮಗುವಿನ ಬಾಯಿಯಂತೆ ಆಗಿರುತ್ತಿತ್ತು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಅಂದು ನನ್ನೊಡನೆ ಕೆಲಸ ಮಾಡಿದ ಗೆಳತಿಯನ್ನು ಮೊನ್ನೆ ಈ ಕಲೆಯ ಬಗ್ಗೆ ಕೇಳಿದ್ದೆ. "ತುಟೀ ಮ್ಯಾಲ? ಇಲ್ಲಬೇ. ಬಟ್ಟಿಗಿತ್ತು, ತೋರಬಟ್ಟಿಗೆ. ನೀ ಎಲ್ಲಾ ಕತಿ ಮಾಡ್ತಿ ನೋಡು" ಎಂದಳು. ಆ ವರ್ಷದ ನನ್ನ ಡೈರಿಯಲ್ಲಿ ಹುಡುಕಿದೆ. ತುಟಿಯೂ ಇಲ್ಲ, ಅವಳು ಹೇಳಿದ ತೋರುಬೆರಳೂ ಇಲ್ಲ. ನಮ್ಮಿಬ್ಬರಲ್ಲಿ ಒಬ್ಬರ ನೆನಪು ಸುಳ್ಳು. ಅವರ ವಿಷಯದಲ್ಲಿ ನನ್ನ ನೆನಪು ಯಾವಾಗಲೂ ನನ್ನ ಕಡೆಗೇ ವಾಲಿ ಸಾಕ್ಷಿ ಹೇಳುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬೆಳಗಾವಿಯ ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದೆ. ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಹಸುಗೂಸುಗಳ ಸಾವಿನ ಬಗ್ಗೆ ಒಂದು ಸಮೀಕ್ಷೆ ನಡೆಯಲಿದೆ, ತಾಯಂದಿರನ್ನು ಮಾತನಾಡಿಸಲು ಓದಿದ ಹುಡುಗಿಯರು ಬೇಕಾಗಿದ್ದಾರೆ ಎಂದು ತಿಳಿದು ಅರ್ಜಿ ಹಾಕಿದೆ. ನಮ್ಮ ತಂಡಕ್ಕೆ ಇಬ್ಬರನ್ನು ಆರಿಸಿದರು. ನಾನು, ಮತ್ತು ಈಗ ಹೇಳಿದ ಗೆಳತಿ. ಅವಳದು ಬೆಳಗಾವಿಯ ಕ್ಯಾಂಪ್ ಬಡಾವಣೆಯ ಮುಸ್ಲಿಂ ಮನೆ. ತಂದೆಗೆ ಬಟ್ಟೆಯ ವ್ಯಾಪಾರ. ನಮ್ಮಿಬ್ಬರ ಮೇಲ್ವಿಚಾರಣೆಗೆ ನೇಮಕವಾದವರೇ ಈ ಹೆಂಗಸು. ಐವತ್ತು ದಾಟಿದ್ದರು. ಹಣೆಗೆ ವಿಭೂತಿ, ಕೈಯಲ್ಲಿ ಕಾಗದಗಳ ಚೀಲ, ಕಾಲಿಗೆ ಗಂಡಸರ ಚಪ್ಪಲಿ. ಹಿಂದೆ ಸಾಲೆಯಲ್ಲಿ ಕಲಿಸಿದ್ದರಂತೆ. ಶಿಕ್ಷಕಿಯರನ್ನು ನಮ್ಮ ಕಡೆ ಕರೆಯುವಂತೆ ನಾವೂ ಅವರನ್ನು ಬಾಯಾರು ಎಂದೇ ಕರೆದೆವು. ಕನ್ನಡದಷ್ಟೇ ಸಲೀಸಾಗಿ ಮರಾಠಿ ಮಾತನಾಡುತ್ತಿದ್ದರು. ಖಾನಾಪುರದ ಹಳ್ಳಿಗಳಲ್ಲಿ ಅದಿಲ್ಲದೆ ನಡೆಯುತ್ತಿರಲಿಲ್ಲ. ನನ್ನ ಮರಾಠಿ ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು ಮಾತ್ರ.

ಬೆಳಗಾವಿಯ ಕಚೇರಿಯಲ್ಲಿ ಮೂರು ದಿನ ತರಬೇತಿ ಇತ್ತು. ಸಮೀಕ್ಷೆಯ ಮುಖ್ಯಸ್ಥರು, ನಾವು ಸರ್ ಎನ್ನುತ್ತಿದ್ದವರು, ನಮ್ಮ ಕೈಗೆ ಪ್ರಶ್ನಾವಳಿ ಮತ್ತು ಒಂದು ಕೈಪಿಡಿ ಕೊಟ್ಟು ಹೇಳಿದರು:

"ಭಾವನಾ ಎಲ್ಲಾ ಮನಿಯಾಗ ಬಿಟ್ಟು ಬರ್ರಿ. ನೀವು ಥರ್ಮಾಮೀಟರ್ ಇದ್ದಂಗ. ಥರ್ಮಾಮೀಟರಿಗೆ ಜ್ವರ ಬರಬಾರದು."

ಹಿಂದಿನ ಬೆಂಚಿನಿಂದ ಬಾಯಾರು ಎದ್ದರು. "ಒಬ್ಬರ ಬಾಯಾಗ ಇಟ್ಟ ಥರ್ಮಾಮೀಟರ್ ತೊಳದ ಇನ್ನೊಬ್ಬರ ಬಾಯಾಗ ಇಡ್ತಾರಲ್ಲರಿ ಸರ. ಈ ಹುಡುಗ್ಯಾರನ್ನ ಯಾರು ತೊಳೀಬೇಕು?"

ಸರ್ ನಕ್ಕರು. ನಾವೂ ನಕ್ಕೆವು. ಮುಂದಿನ ಪುಟಕ್ಕೆ ಹೋದೆವು.

ಪ್ರಶ್ನಾವಳಿಯ ಮೊದಲ ಎಂಟು ಪುಟಗಳಲ್ಲಿ ಮನೆ, ಹೊಲ, ಊಟ, ಹೆರಿಗೆಗಳ ವಿವರ. ಒಂಬತ್ತನೆಯ ಪುಟ ಸತ್ತ ಮಗುವಿಗೆ ಮೀಸಲು. ಒಂದು ಮಗುವಿಗೆ ಒಂದು ಪುಟ. ಹೆಸರಿಟ್ಟಿದ್ದರೆ ಹೆಸರು, ಎಷ್ಟು ದಿನ ಬದುಕಿತ್ತು, ಏನು ಬೇನೆ, ಪ್ರಾಣ ಹೋಗುವಾಗ ಯಾರ ಮಡಿಲಲ್ಲಿತ್ತು. ಕೊನೆಯ ಪ್ರಶ್ನೆ: ಆಸ್ಪತ್ರೆಗೆ ಏಕೆ ಒಯ್ಯಲಿಲ್ಲ? ಉತ್ತರಗಳನ್ನು ಮೊದಲೇ ಅಚ್ಚು ಹಾಕಿ ಅಂಕೆ ಕೊಟ್ಟಿದ್ದರು. ದೂರ ಎಂದರೆ ಒಂದು, ದುಡ್ಡಿಲ್ಲ ಎಂದರೆ ಎರಡು, ಹಿರಿಯರು ಒಪ್ಪಲಿಲ್ಲ ಎಂದರೆ ಮೂರು, ಬೇನೆ ದೊಡ್ಡದೆನಿಸಲಿಲ್ಲ ಎಂದರೆ ನಾಲ್ಕು, ಇತರೆ ಐದು. ಪ್ರಶ್ನೆಯನ್ನು ಅಚ್ಚಾದಂತೆಯೇ ಓದಬೇಕು, ಕೇಳಿದವರೇ ಅಲ್ಲೇ ಕುಳಿತು ಬರೆಯಬೇಕು ಎಂಬುದು ಕೈಪಿಡಿಯ ನಿಯಮ. ವರ್ಷದ ನಂತರ ಅದೇ ಮನೆಗಳಿಗೆ ಎರಡನೆಯ ಸಲ ಹೋಗುವುದಿತ್ತು. ಹಾಗಾಗಿ ಏಳುವ ಮೊದಲು ಹೇಳಬೇಕಾದ ಮಾತನ್ನೂ ಕೈಪಿಡಿಯೇ ಕಲಿಸಿತ್ತು: "ತುಂಬಾ ಉಪಕಾರವಾಯಿತು. ನಾವು ಮತ್ತೆ ಬರುತ್ತೇವೆ."

ನಮ್ಮ ಮೊದಲ ಮನೆಯಲ್ಲಿ ನಾನು ಅದನ್ನೇ ಹೇಳಿದೆ. ಎರಡು ವರ್ಷದ ಹಿಂದೆ ಒಂದು ಹೆಣ್ಣುಕೂಸು ಹೋಗಿತ್ತು. ತಾಯಿ ಅಷ್ಟೇನೂ ಅತ್ತಿರಲಿಲ್ಲ. ಎಲ್ಲ ಸುಸೂತ್ರವಾಗಿ ಮುಗಿಯಿತೆಂದು ನಾನು ಹಿಗ್ಗಿನಲ್ಲಿದ್ದೆ. ಎದ್ದು, ಕೈ ಜೋಡಿಸಿ, ಬಾಯಿಪಾಠ ಮಾಡಿಕೊಂಡಿದ್ದ ಮರಾಠಿಯಲ್ಲಿ "ಆಮ್ಹಿ ಪರತ್ ಯೇಊ" ಎಂದೆ. ನಾವು ಮತ್ತೆ ಬರುತ್ತೇವೆ.

ಮೂಲೆಯಲ್ಲಿ ಕುಳಿತಿದ್ದ ಅತ್ತೆ ಎದ್ದುಬಂದಳು. ಆಕೆ ಅಂದದ್ದು ನನಗೆ ಪೂರ್ತಿ ತಿಳಿಯಲಿಲ್ಲ, ಆದರೆ ಕೈಯಲ್ಲಿದ್ದ ಕಸಬರಿಗೆ ತಿಳಿಯಿತು. ಸೊಸೆ ಆಗ ಐದು ತಿಂಗಳ ಬಸುರಿ. ಬಾಯಾರು ಆ ಮುದುಕಿಯ ಎರಡೂ ಕೈ ಹಿಡಿದು ಏನೇನೋ ಹೇಳಿ ಸಮಾಧಾನ ಮಾಡಿ ನನ್ನನ್ನು ಹೊರಗೆ ತಳ್ಳಿದರು. ಖಾನಾಪುರದಿಂದ ಹಳ್ಳಿಗಳಿಗೆ ಒಯ್ಯುತ್ತಿದ್ದ ಸಮೀಕ್ಷೆಯ ಜೀಪು ಹತ್ತಿಸಿದರು. ಆಮೇಲೆ:

"ಸತ್ತ ಮನ್ಯಾಗಿಂದ ಎದ್ದು ಬರೂಮುಂದ 'ಬರ್ತೀವಿ' ಅಂತಾರೇನ ಹುಡುಗಿ? ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

ಕಲಿಸಿದ್ದಳು. ಸಾವಿನ ಮನೆಗೆ ಹೋದರೆ ಹೇಳದೆ ಎದ್ದು ಬರಬೇಕು, ಆ ಮನೆಗೆ ಅದೇ ಕಾರಣಕ್ಕೆ ಮತ್ತೊಮ್ಮೆ ಬರುವುದು ಬೇಡ ಎಂಬುದು ನಮ್ಮ ಮನೆಯ ಸಣ್ಣ ಹುಡುಗರಿಗೂ ಗೊತ್ತು.

"ಸತ್ತು ಎರಡು ವರ್ಷ ಆತಲ್ಲರಿ ಬಾಯಾರ" ಎಂದೆ.

"ಎರಡು ವರ್ಷ ನಿನ್ನ ಹಾಳಿ ಮ್ಯಾಲ. ನಾವು ಕೇಳಿದಕೂಡ್ಲೆ ಆಕೀಗೆ ಇವತ್ತ ಸತ್ತಂಗ ಆತು. ಇನ್ನ ಮ್ಯಾಲ ಏನೂ ಹೇಳಬ್ಯಾಡ. ಹಂಗ ಎದ್ದು ಬಾ."

ಅಂದಿನಿಂದ ನಾವು ಯಾವ ಮನೆಯಲ್ಲೂ ಹೇಳಿ ಬರಲಿಲ್ಲ. ಕೈಪಿಡಿಯ ಆ ಸಾಲನ್ನು ಬಾಯಾರು ನೇರಳೆ ಗೆರೆ ಎಳೆದು ಹೊಡೆದುಹಾಕಿದರು. ಬದಲಿಗೆ ಒಂದು ಪಾಠ ಹೇಳಿಕೊಟ್ಟರು. ಯಾವ ಮನೆಗೆ ಹೋದರೂ ಮೊದಲು ಕುಡಿಯಲು ನೀರು ಕೇಳಬೇಕು. "ನೀರು ಬೇಡಿದವರ ಮ್ಯಾಲ ಯಾರಿಗೂ ಸಿಟ್ಟು ಬರಂಗಿಲ್ಲ. ಕೊಟ್ಟ ಕೈ ಸ್ವಲ್ಪ ಮ್ಯಾಲ ಇರ್ತದ, ನಮ್ಮದು ಕೆಳಗ. ಹಂಗ ಇದ್ದಾಗ ಕೇಳಬೇಕು."

ಮಧ್ಯಾಹ್ನ ಕೆಲಸ ಮುಗಿಸಿ ಖಾನಾಪುರ ಸ್ಟೇಷನ್ನಿಗೆ ಬಂದು ಬೆಳಗಾವಿಯ ಗಾಡಿಗೆ ಕಾಯುತ್ತಿದ್ದೆವು. ಬಾಯಾರ ಪದ್ಧತಿ ಶುರುವಾದದ್ದು ಅಲ್ಲಿ, ಪ್ಲಾಟ್‌ಫಾರ್ಮಿನ ಕೊನೆಯ ಕಲ್ಲುಬೆಂಚಿನ ಮೇಲೆ. ಚೀಲದಿಂದ ಆಲೇಪಾಕದ ಪೊಟ್ಟಣ ತೆಗೆಯುವರು. ಶುಂಠಿಯ ಆ ಮಿಠಾಯಿಯನ್ನು ನಮ್ಮ ಬಾಯಿಗೆ ಒಂದೊಂದು ತುಂಡು ಹಾಕಿ, "ಹೂಂ, ಹಾಳಿ ಮ್ಯಾಲ ಇರಲಾರದ್ದು ಹೇಳ್ರಿ" ಎನ್ನುವರು. ಆ ದಿನ ಕಂಡದ್ದರಲ್ಲಿ, ಕೇಳಿದ್ದರಲ್ಲಿ, ಪ್ರಶ್ನಾವಳಿಯ ಯಾವ ಪುಟದಲ್ಲೂ ಜಾಗ ಸಿಗದ ಒಂದನ್ನು ಹೇಳಬೇಕು. ಅಳು ಬಂದರೆ ಅಳಬಹುದು. ಬೈಯಬೇಕೆನಿಸಿದರೆ ದೇವರನ್ನೂ ಸರ್ ಅವರನ್ನೂ ಬೈಯಬಹುದು. ಗಾಡಿ ಬರುವವರೆಗೆ ಮಾತ್ರ. "ಗಾಡಿ ಹತ್ತಿದ ಮ್ಯಾಲ ಮುಗೀತು. ಇದನ್ನ ಕಟಗೊಂಡು ಮನೀಗೆ ಹೋಗಬ್ಯಾಡ್ರಿ."

ನಗುವೂ ಇರುತ್ತಿತ್ತು. ಒಮ್ಮೆ ಗೆಳತಿ ಬಾಯಾರ ಮುಖ ನೋಡಿ "ಬಾಯಾರು ಲಿಪಸ್ಟಿಕ್ ಹಚ್ಯಾರಬೇ" ಎಂದಳು. "ಸರಕಾರದ ಲಿಪಸ್ಟಿಕ್ ಅದ, ಪುಕ್ಕಟ. ಬೇಕೇನು ನಿನಗ? ಲಗ್ನದ ಹುಡುಗಿ" ಎಂದು ಬಾಯಾರು ಪೆನ್ಸಿಲನ್ನು ಅವಳ ಮೂತಿಗೆ ಹಿಡಿದರು. ಇದು ನನಗೆ ಚೆನ್ನಾಗಿ ನೆನಪಿದೆ. ಈ ಮಾತು ಆಗಿರುವುದು ನಿಜವಾದರೆ ಕಲೆ ತುಟಿಯ ಮೇಲೇ ಇದ್ದಿರಬೇಕು. ಗೆಳತಿ ಮಾತ್ರ ತಾನು ಹಾಗೆ ಅಂದೇ ಇಲ್ಲ ಎನ್ನುತ್ತಾಳೆ.

ಇನ್ನೊಮ್ಮೆ ಅವಳು, "ದಿನಾ ನಾವ ಹೇಳ್ತೀವಿ. ಇವತ್ತ ನೀವು ಹೇಳ್ರಿ ಬಾಯಾರ" ಎಂದಳು.

ಬಾಯಾರು ಆಲೇಪಾಕದ ಪೊಟ್ಟಣಕ್ಕೆ ದಾರ ಸುತ್ತತೊಡಗಿದರು. "ಗಾಡಿ ಬಂತು, ಏಳ್ರಿ."

ಗಾಡಿ ಬಂದಿರಲಿಲ್ಲ. ಸಿಗ್ನಲ್ ಕೂಡ ಬಿದ್ದಿರಲಿಲ್ಲ. ಆದರೂ ನಾವು ಎದ್ದು ನಿಂತೆವು. ಮತ್ತೆ ಯಾವತ್ತೂ ಕೇಳಲಿಲ್ಲ. ಇಡೀ ತಾಲೂಕಿನ ಹೆಂಗಸರಿಗೆ ನಿಮಗೆಷ್ಟು ಮಕ್ಕಳು, ಎಷ್ಟು ಹೋದವು ಎಂದು ಕೇಳಿಕೊಂಡು ತಿರುಗಿದ ನಾವು ನಮ್ಮ ಬೆಂಚಿನ ಮೇಲೆ ಕುಳಿತ ಹೆಂಗಸಿಗೆ ಅದನ್ನು ಕೇಳಿರಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ ಎಂಬುದಷ್ಟೇ ನಮಗೆ ಗೊತ್ತಿತ್ತು.

ಅದೇ ಸಮಯಕ್ಕೆ ನನ್ನ ಅಕ್ಕ ಬಾಣಂತನಕ್ಕೆ ತವರಿಗೆ ಬಂದಳು. ಗಂಡುಮಗು. ಮನೆಯಲ್ಲೆಲ್ಲ ಸಬ್ಬಸಿಗೆ ಮತ್ತು ಬೆಳ್ಳುಳ್ಳಿಯ ವಾಸನೆ. ಮಗು ಮಲಗಿದ್ದಾಗ ನಾನು ಹೋಗಿ ಅದರ ಮೂಗಿನ ಮುಂದೆ ಬೆರಳು ಹಿಡಿಯುತ್ತಿದ್ದೆ. ಉಸಿರು ತಾಗಿದ ಮೇಲೆ ಹೊರಗೆ ಬರುವೆ. ಸ್ವಲ್ಪ ಹೊತ್ತಿಗೆ ಮತ್ತೆ ಹೋಗುವೆ. ಒಂದು ದಿನ ಅವ್ವ ಕಂಡಳು.

"ಮಲಗಿದ ಕೂಸಿನ ಮೂಗಿಗೆ ಕೈ ಹಿಡದು ನೋಡ್ತೀಯಾ? ನಿನ್ನ ನೌಕರಿಗೆ ಬೆಂಕಿ ಹಚ್ಚ! ಅದೇನು ಹಚಗೊಂಡು ಬರ್ತಿ ಊರೂರಿಂದ?"

ಬಾಣಂತಿಯ ಕೋಣೆಗೆ ನಾನು ಹೋಗಕೂಡದು ಎಂದಾಯಿತು. ಮರುದಿನ ಕಲ್ಲುಬೆಂಚಿನ ಮೇಲೆ ಇದನ್ನು ಹೇಳಿದೆ. ಬಾಯಾರು ನಗಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ.

"ಉಸಿರು ಇತ್ತಿಲ್ಲೋ?"

"ಇತ್ತರಿ."

"ಮತ್ತ? ಇತ್ತು ಅಂತ ಅದನ್ನೂ ಬರಕೋ ನಿನ್ನ ಡೈರ್ಯಾಗ. ಬರೇ ಹೋದದ್ದ ಬರೀತಿ."

ಬರೆದುಕೊಂಡೆ. ಒಂದು ವಾರ ದಿನವೂ 'ಉಸಿರಿತ್ತು' ಎಂದು ಬರೆದೆ. ಹಗುರವಾಯಿತು ಎಂದು ಈಗ ನೆನಪು. ಡೈರಿ ಅಷ್ಟು ಹೇಳುವುದಿಲ್ಲ.

ಮಳೆ ಮುಗಿದ ಮೇಲೆ ಕಾಡಂಚಿನ ಹಳ್ಳಿಗಳಿಗೆ ಹೋಗತೊಡಗಿದೆವು. ಅಲ್ಲೊಂದು ಮನೆಯಲ್ಲಿ ನನ್ನದೇ ವಯಸ್ಸಿನ ಒಬ್ಬಳು. ಎರಡು ಮಕ್ಕಳು ಹೋಗಿದ್ದವು, ಹಾಗಾಗಿ ಒಂಬತ್ತನೆಯ ಪುಟಗಳು ಎರಡು. ಮೊದಲನೆಯದರ ಕೊನೆಗೆ ಬಂದು, ಆಸ್ಪತ್ರೆಗೆ ಏಕೆ ಒಯ್ಯಲಿಲ್ಲ ಎಂದು ಓದಿದೆ. ಅವಳು ಬಾಗಿಲಾಚೆ ನೋಡಿದಳು. ಹೊರಗೆ ನಮ್ಮ ಜೀಪು ನಿಂತಿತ್ತು. ಮರಾಠಿಯಲ್ಲಿ ಮೆಲ್ಲಗೆ ಏನೋ ಕೇಳಿದಳು. ಬಾಯಾರು ಅದನ್ನು ಕನ್ನಡಕ್ಕೆ ತಿರುಗಿಸಬೇಕಿತ್ತು. ನಾನು ಪೆನ್ನು ಹಿಡಿದು ಕಾದೆ.

"ಈ ಜೀಪು ಆವತ್ತ ಯಾಕ ಬರಲಿಲ್ಲ ಅಂತ ಕೇಳ್ತಾಳ" ಎಂದರು ಬಾಯಾರು.

ಪುಟ ನೋಡಿದೆ. ಒಂದರಿಂದ ನಾಲ್ಕರವರೆಗೆ ಯಾವುದೂ ಹೊಂದಲಿಲ್ಲ. ಐದು ಎಂದು ಬರೆದೆ. ಇತರೆ.

ಮುಂದಿನ ಮನೆಯ ಮುಂದೆ ಜೀಪು ನಿಂತಾಗ ನನಗೆ ಇಳಿಯಲಾಗಲಿಲ್ಲ. ಇಳಿಯಬೇಕು ಎಂದುಕೊಳ್ಳುತ್ತಿದ್ದೆ, ಮೈ ಕದಲುತ್ತಿರಲಿಲ್ಲ. ಬಾಯಾರು ನನ್ನ ತೊಡೆಯ ಮೇಲಿದ್ದ ಪ್ರಶ್ನಾವಳಿಯನ್ನು ಎತ್ತಿಕೊಂಡರು.

"ಎಂಟರ ತನಕಾ ನಿಂದು. ಒಂಬತ್ತನೇದು ಇನ್ನ ಮ್ಯಾಲ ನಂದು. ಅದನ್ನ ನೀ ಕೇಳಬ್ಯಾಡ."

"ನಿಯಮ ಹಂಗಿಲ್ಲಲ್ಲರಿ."

"ನಿಯಮ ಬರದಾಂವ ಜೀಪಿಂದ ಇಳದಿಲ್ಲ."

ಅಂದಿನಿಂದ ಎಂಟು ಪುಟ ಮುಗಿಸಿ ನಾನು ಅಂಗಳಕ್ಕೆ ಎದ್ದು ಹೋಗುತ್ತಿದ್ದೆ. ಬಾಯಾರು ಕಾಗದವಿಲ್ಲದೆ ಒಳಗೆ ಕೂರುವರು. ಆ ಹೆಂಗಸು ಅಕ್ಕಿ ಆರಿಸುತ್ತಿದ್ದರೆ ಅವರೂ ಮೊರದ ಇನ್ನೊಂದು ಬದಿಗೆ ಕೈ ಹಾಕುವರು. ಮಧ್ಯಾಹ್ನ ಸ್ಟೇಷನ್ನಿನಲ್ಲಿ, ಪೆನ್ಸಿಲ್ ಒದ್ದೆ ಮಾಡಿಕೊಂಡು, ಒಂಬತ್ತನೆಯ ಪುಟ ತುಂಬುವರು. ತಪ್ಪು ತಿದ್ದಲು ಮೇಲ್ವಿಚಾರಕರಿಗೆ ಆ ಪೆನ್ಸಿಲ್ ಬಳಸುವ ಹಕ್ಕಿತ್ತು. ಹಾಗಾಗಿ ಕಚೇರಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಮುಚ್ಚಿಡುವ ಮನಸ್ಸಿದ್ದರೆ ಅವರು ನಮ್ಮ ಹಾಗೆ ನೀಲಿ ಪೆನ್ನಿನಿಂದ ಬರೆಯಬಹುದಿತ್ತು.

ನಾನು ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತಿದ್ದೆ. ಕಂಡದ್ದನ್ನು ಕಂಡಂತೆ ಬರೆಯುವುದೇ ಪ್ರಾಮಾಣಿಕತೆ ಎಂಬ ನಂಬಿಕೆ ಆಗ. ಒಂದು ದಿನದ ಸಾಲು ಹೀಗಿದೆ: 'ಇಂದು ಕೊನೆಯ ಮನೆಯಲ್ಲಿ ಬಾಯಾರು ಕಟ್ಟೆಯ ಮೇಲೇ ಕುಳಿತಿದ್ದರು. ಒಳಗೆ ಹೋಗಲೇ ಇಲ್ಲ. ಆದರೂ ಸ್ಟೇಷನ್ನಿನಲ್ಲಿ ಒಂಬತ್ತನೆಯ ಪುಟ ತುಂಬಿತು.'

ವರ್ಷ ತುಂಬುವ ಮೊದಲು ಸರ್ ನನ್ನನ್ನು ಕರೆದರು. "ನೀವು ಡೈರಿ ಬರೀತೀರಂತ. ಭಾಷಾ ಚಲೋ ಅದ ನಿಮ್ಮದು, ಗೊತ್ತದ ನನಗ. ವರದಿಗೆ ಕ್ಷೇತ್ರಕಾರ್ಯದ ಅನುಭವದ ಒಂದು ಭಾಗ ಬೇಕು. ಎರಡು ದಿನದಾಗ ತಂದು ಕೊಡ್ರಿ."

ಕೊಟ್ಟೆ. ಬಾಯಾರನ್ನು ಕೆಲಸದಿಂದ ತೆಗೆಸಿದ್ದು ಆ ಡೈರಿ.

ಬಹಳ ವರ್ಷ ನನಗೆ ನಾನೇ ಒಂದು ಕತೆ ಹೇಳಿಕೊಂಡೆ. ಹೊಗಳಿಕೆಗೆ ಉಬ್ಬಿಹೋಗಿದ್ದೆ, ಚಿಕ್ಕವಳು, ಆ ಸಾಲು ಅದರಲ್ಲಿದೆ ಎಂಬುದೇ ಮರೆತುಹೋಗಿತ್ತು ಎಂದು. ನಂಬುವಂತಹ ಕತೆ. ಆದರೆ ವರದಿ ಮುಗಿದ ಮೇಲೆ ಡೈರಿ ವಾಪಸು ಬಂತು, ಈಗಲೂ ನನ್ನ ಮೇಜಿನ ಮೇಲಿದೆ. ಅದರಲ್ಲಿ ಮೂರು ಕಡೆ ಬಿಳಿ ಕಾಗದದ ಪಟ್ಟಿ ಕತ್ತರಿಸಿ ಗೋಂದು ಹಚ್ಚಿ ಅಂಟಿಸಿದೆ. ನಾನೇ ಅಂಟಿಸಿದ್ದು, ಆ ಎರಡು ದಿನಗಳಲ್ಲಿ. ಒಂದರ ಕೆಳಗೆ ಅಕ್ಕನ ಮಗುವಿನ ಮೂಗಿಗೆ ಬೆರಳು ಹಿಡಿದ ವಿಷಯ. ಇನ್ನೊಂದರ ಕೆಳಗೆ ಜೀಪಿನಿಂದ ಇಳಿಯಲಾಗದೆ ಕುಳಿತ ದಿನ. ಈ ಹುಡುಗಿ ಅಳುಬುರುಕಿ, ಇಂತಹ ಕೆಲಸಕ್ಕೆ ತಕ್ಕವಳಲ್ಲ ಎಂದು ಸರ್ ತಿಳಿದಾರು ಎಂಬ ಹೆದರಿಕೆಗೆ ಅವನ್ನು ಮುಚ್ಚಿದ್ದೆ. ಮೂರನೆಯದರ ಕೆಳಗೆ ಏನಿದೆ ಎಂದು ನೆನಪಿಲ್ಲ. ಕೆರೆದು ನೋಡಿಲ್ಲ.

ಅಂದರೆ ಕೊಡುವ ಮೊದಲು ಡೈರಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೆ. ಗೋಂದಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಓದಿದ್ದೆ. ನನ್ನ ಮರ್ಯಾದೆ ಹೋಗುವ ಸಾಲುಗಳು ಕಂಡವು. ಬಾಯಾರ ಅನ್ನ ಹೋಗುವ ಸಾಲಿನ ಮೇಲೆ ಪಟ್ಟಿ ಇಲ್ಲ.

ವಿಚಾರಣೆ ಎನ್ನುವಂಥದ್ದೇನೂ ನಡೆಯಲಿಲ್ಲ. ಸರ್ ಮೇಜಿನ ಮೇಲೆ ನೇರಳೆ ಪುಟಗಳನ್ನು ಹರಡಿಕೊಂಡಿದ್ದರು. ನನ್ನ ಡೈರಿ ಪಕ್ಕದಲ್ಲಿತ್ತು. ಬಾಯಾರು ನಿಂತಿದ್ದರು, ನಾವಿಬ್ಬರು ಗೋಡೆಗೆ ಒರಗಿದ್ದೆವು.

"ಇದೇನ್ರಿ ಬಾಯಾರ? ಕೇಳಿ ಬರದೀರೋ, ನಿಮ್ಮ ತಲ್ಯಾಗಿಂದ ಬರದೀರೋ?"

"ಕೇಳೀನ್ರಿ. ಹಾಳಿ ತಗೀಲಾರದ ಕೇಳೀನಿ."

"ಒಳಗ ಹೋಗಿಲ್ಲಂತ ಈಕಿ ಬರದಾಳಲ್ಲ? ಕೇಳೀನಿ ಅನ್ನಾಕ ಪುರಾವೆ ಏನದ?"

"ಪುರಾವೆ ಬೇಕಂದ್ರ ಆ ಹೆಣ್ಮಗಳನ್ನ ಇನ್ನೊಂದ ಸಲ ಅಳಸಬೇಕಾಗ್ತದರಿ ಸರ. ನನಗ ಆಗೂದಿಲ್ಲ. ನೀವು ಹೋಗಿ ಬರ್ರಿ."

ಸರ್ ಹೋಗಲಿಲ್ಲ. ಬಾಯಾರು ಚೀಲದಿಂದ ಉಳಿದ ಖಾಲಿ ಪ್ರಶ್ನಾವಳಿಗಳನ್ನು ತೆಗೆದು ಮೇಜಿನ ಮೇಲಿಟ್ಟರು, ಪೆನ್ಸಿಲನ್ನು ಅವುಗಳ ಮೇಲಿಟ್ಟರು. ಹೊರಟರು. ಬಾಗಿಲ ಬಳಿ ನನ್ನ ಕಡೆ ತಿರುಗಿ ನೋಡಿದರು ಎಂದು ಗೆಳತಿ ಹೇಳುತ್ತಾಳೆ. ನಾನು ನೋಡಿಲ್ಲ. ಆ ದಿನದ ಡೈರಿಯ ಪುಟ ಖಾಲಿ. ಡೈರಿ ಸರ್ ಬಳಿ ಇತ್ತಲ್ಲ ಎನ್ನಬಹುದು. ಬೇರೆ ಹಾಳೆಯ ಮೇಲೆ ಬರೆಯಬಹುದಿತ್ತು. ಬರೆಯಲಿಲ್ಲ.

ಸುಳ್ಳು ಎಂದು ಅವರನ್ನು ಕಳಿಸಿದ ಮೇಲೆ ಆ ಪುಟಗಳನ್ನು ಹರಿದೆಸೆಯಬೇಕಿತ್ತು. ಎಸೆಯಲಿಲ್ಲ. ಅಷ್ಟು ಮನೆಗಳನ್ನು ಬಿಟ್ಟರೆ ಲೆಕ್ಕ ನಿಲ್ಲುವುದಿಲ್ಲ, ಎರಡನೆಯ ಸುತ್ತಿನವರೆಗೆ ಕಾಯಲು ಸಮಯವಿಲ್ಲ ಎಂದರು ಸರ್. ಒಂಬತ್ತನೆಯ ಪುಟಗಳನ್ನು ನೀಲಿ ಪೆನ್ನಿನಲ್ಲಿ ಹೊಸ ಹಾಳೆಗಳಿಗೆ ನಕಲು ಮಾಡುವ ಕೆಲಸವನ್ನು, ಅಕ್ಷರ ದುಂಡಗಿದೆ ಎಂದು, ನನಗೇ ವಹಿಸಿದರು.

ಹನ್ನೊಂದು ದಿನ ಕುಳಿತು ನಕಲು ಮಾಡಿದೆ. ಅಂಚುಗಳಲ್ಲಿ ಬಾಯಾರು ಸಣ್ಣಗೆ ಏನೇನೋ ಬರೆದಿದ್ದರು. 'ಬೆಲ್ಲದ ಚಹಾ ಬೆರಳಿಗೆ ಹಚ್ಚಿ ಕೊಟ್ಟರೆ ಚೀಪುತ್ತಿತ್ತು.' 'ಎಡಗಿವಿಯ ಹಿಂದೆ ಮಚ್ಚೆ.' 'ಹೆಸರಿಟ್ಟಿರಲಿಲ್ಲ, ತಾಯಿ ಮನಸ್ಸಿನಲ್ಲಿ ಒಂದು ಇಟ್ಟಿದ್ದಳು, ಹೇಳಲಿಲ್ಲ.' ನಾನು ಕಟ್ಟೆಯ ಬಗ್ಗೆ ಬರೆದ ಆ ಮನೆಯ ಪುಟವೂ ಬಂತು. ಅಂಚಿನಲ್ಲಿ, 'ತೊಟ್ಟಿಲು ಪಕ್ಕದ ಮನೆಗೆ ಕೊಟ್ಟಳು, ಅಲ್ಲಿನ ಕೂಸು ಅತ್ತರೆ ಇವಳಿಗೆ ಹಾಲು ಬರುತ್ತಿತ್ತು.' ಕಟ್ಟೆಯ ಮೇಲೆ ಕುಳಿತವರಿಗೆ ಇದು ಹೇಗೆ ತಿಳಿಯಿತು? ಕಟ್ಟುಕತೆ ಕಟ್ಟುವವರು ಇಂತಹದನ್ನು ಕಟ್ಟುತ್ತಾರೆಯೇ? ಎದ್ದು ಹೋಗಿ ಸರ್ ಮುಂದೆ ಆ ಅಂಚನ್ನು ಹಿಡಿಯಬಹುದಿತ್ತು. ಅವರ ಕೋಣೆ ಎದುರಿಗೇ ಇತ್ತು. ಹೊಸ ಹಾಳೆಯಲ್ಲಿ ಅಂಚಿನ ಬರಹಕ್ಕೆ ಜಾಗವಿರಲಿಲ್ಲ. ಅಂಕೆಯನ್ನಷ್ಟೇ ಇಳಿಸಿಕೊಂಡು ಮುಂದಿನ ಪುಟಕ್ಕೆ ಹೋದೆ. ನೇರಳೆ ಪುಟಗಳನ್ನು ಕಟ್ಟು ಕಟ್ಟಿ ಒಪ್ಪಿಸಿದೆ. ಒಂದನ್ನೂ ಇಟ್ಟುಕೊಳ್ಳಲಿಲ್ಲ.

ವರದಿ ಬಂತು. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿದೆ, ಗೆಳತಿಯದಿದೆ, ಜೀಪಿನ ಚಾಲಕನದೂ ಇದೆ. ಅದೇ ಅಂಕಿಗಳ ಮೇಲೆ ನಾನು ಪ್ರಬಂಧ ಬರೆದು ಪದವಿ ಪಡೆದೆ, ಕಾಲೇಜಿನಲ್ಲಿ ಕೆಲಸ ಹಿಡಿದೆ. ಕ್ಷೇತ್ರಕಾರ್ಯದಲ್ಲಿ ಪ್ರಾಮಾಣಿಕತೆ ಎಂಬ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ.

ಗೆಳತಿ ಬಹಳ ತಡವಾಗಿ ಒಂದು ಸಂಗತಿ ಹೇಳಿದಳು. ಬಾಯಾರು ರವಿವಾರ ಒಬ್ಬರೇ ಬಸ್ಸು ಹಿಡಿದು ಖಾನಾಪುರಕ್ಕೆ ಹೋಗುತ್ತಿದ್ದರಂತೆ. ಮುಂದಿನ ವಾರದ ಪಟ್ಟಿಯಲ್ಲಿದ್ದ ಮನೆಗಳಿಗೆ ಮೊದಲೇ ಹೋಗಿ ಕುಳಿತು ಬರುತ್ತಿದ್ದರಂತೆ. ಅವರನ್ನು ಒಮ್ಮೆ ಬಸ್ ನಿಲ್ದಾಣದಲ್ಲಿ ಇವಳ ಅಣ್ಣ ಕಂಡಿದ್ದನಂತೆ. ಇದು ನಿಜವಾದರೆ ಕಟ್ಟೆಯ ಒಗಟು ಬಗೆಹರಿಯುತ್ತದೆ. ಆದರೆ ಇವಳು ತುಟಿಯ ಕಲೆಯನ್ನು ಬೆರಳಿಗೆ ಹಚ್ಚಿದವಳು. ನಂಬಲೇ? "ಆವಾಗ ಯಾಕ ಹೇಳಲಿಲ್ಲ?" ಎಂದು ಕೇಳಿದೆ. "ನೀ ಕೇಳಿದ್ಯೇನ?" ಎಂದಳು.

ಬಾಯಾರು ಹೋಗಿ ಈಗ ಎರಡು ವರ್ಷ. ಅದನ್ನು ತಿಳಿಸಿದವಳೂ ಅವಳೇ, ಒಂದು ಕಾರ್ಡಿನಲ್ಲಿ, ತಿಂಗಳು ಕಳೆದ ಮೇಲೆ. ನಾನು ಹೋಗಲಿಲ್ಲ. ಆ ಮನೆಯಿಂದ ಹೇಗೆ ಎದ್ದು ಬರಬೇಕು ಎಂಬುದನ್ನು ಅವರು ಬದುಕಿದ್ದಾಗಲೇ ತೋರಿಸಿಬಿಟ್ಟಿದ್ದರು.

ಅದು ಎಂಬತ್ತರ ದಶಕದ ನಡುವೆ, ಒಂದು ಬೆಳಿಗ್ಗೆ. ಶಹಾಪುರದ ಓಣಿಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ, ಕೈಯಲ್ಲಿ ಅರ್ಧ ಕಿಲೋ ಕುಂದಾ ಮಿಠಾಯಿ ಹಿಡಿದುಕೊಂಡು. ಒಂದೇ ಕೋಣೆ. ಓಣಿಯ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದರು. ನೆಲದ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದವರು ಕಣ್ಣು ಕಿರಿದು ಮಾಡಿ ನೋಡಿದರು.

"ಯಾರು? ಥರ್ಮಾಮೀಟರ್ ಏನು? ಬಾ, ಕುಂದರು."

ಅವರ ತುಟಿ ನೋಡಿದೆ. ಕಲೆ ಇರಲಿಲ್ಲ. ಬೆರಳುಗಳಿಗೆ ಶೇಂಗಾದ ಮಣ್ಣು ಮೆತ್ತಿತ್ತು. ನಾನೂ ಕುಂದಾದ ಪೊಟ್ಟಣ ಬದಿಗಿಟ್ಟು ಸುಲಿಯಲು ಕೈ ಹಾಕಿದೆ.

"ಲಗ್ನ ಆತು?"

"ಆತರಿ. ಒಬ್ಬಾಕಿ ಮಗಳಿದ್ದಾಳ."

"ಮೂಗಿನ ಮುಂದ ಬಟ್ಟು ಹಿಡೀತಿಯೇನು ಇನ್ನೂ?"

"ಇಲ್ಲರಿ" ಎಂದೆ. ಸುಳ್ಳು. ಹಿಂದಿನ ರಾತ್ರಿಯೂ ಹಿಡಿದಿದ್ದೆ.

"ಹಿಡೀಬ್ಯಾಡ ಅಂತ ನಾ ಅಂದಿದ್ದಿಲ್ಲಲ್ಲ" ಎಂದರು, ಶೇಂಗಾದಿಂದ ಕಣ್ಣೆತ್ತದೆ.

ಗೋಂದಿನ ಬಾಟಲಿಯ ವಿಷಯ ಹೇಳಬೇಕಿತ್ತು. ಅದಕ್ಕಾಗಿಯೇ ಹೋಗಿದ್ದೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಅವರ ಮಾತನ್ನೇ ಎರವಲು ತೆಗೆದುಕೊಂಡೆ.

"ಬಾಯಾರ, ಹಾಳಿ ಮ್ಯಾಲ ಇರಲಾರದ್ದು ಒಂದು ಹೇಳಬೇಕಾಗಿತ್ತರಿ."

ಅವರ ಕೈ ನಿಂತಿತು. ಇಷ್ಟು ದಿನದ ನಂತರ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು. ಸಿಟ್ಟು ಕಾಣಲಿಲ್ಲ. ಕಂಡಿದ್ದರೆ ಅದನ್ನು ಹಿಡಿದುಕೊಂಡು ಅತ್ತುಬಿಡಬಹುದಿತ್ತು.

"ಗಾಡಿ ಹತ್ತಿ ಭಾಳ ದಿನ ಆತಲ್ಲ ತಂಗಿ" ಎಂದರು.

ಮತ್ತೆ ಸುಲಿಯತೊಡಗಿದರು. ನಾನು ಕೈ ಜಾಡಿಸಿಕೊಂಡು ಎದ್ದೆ. ಕುಂದಾದ ಪೊಟ್ಟಣವನ್ನು ಅವರು ನೋಡಲಿಲ್ಲ. ಹೊಸ್ತಿಲ ಬಳಿ ತಿರುಗಿ, ಹಿರಿಯರ ಮನೆಯಿಂದ ಹೊರಡುವಾಗ ಹೇಳುವಂತೆ "ಬರ್ತೀನ್ರಿ" ಎಂದು ಬಾಯಿ ತೆರೆದೆ. ಮಾತು ಪೂರ್ತಿಯಾಗುವ ಮೊದಲೇ ಅವರು ಅಂಗೈ ಎತ್ತಿ ತಡೆದರು.

"ಹೇಳಬ್ಯಾಡ. ಹಂಗ ಹೋಗು."

ಹಾಗೆಯೇ ಹೊರಟೆ. ಆ ಮನೆಯಲ್ಲಿ ಆಗ ಯಾರೂ ಸತ್ತಿರಲಿಲ್ಲ.